ಹರಿದ ಹುರಿ ಮತ್ತೆ ಹೊಸೆಯುವ ಬಗೆ

ಬೆಳಗಿನ ಹೊತ್ತು ಶಟಲ್ ಆಡುವ ಬಳಗಗಳಲ್ಲಿ ಒಂದು ಸಂಗತಿ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ನಲವತ್ತೈದರ ಆಸುಪಾಸಿನ ಆಟಗಾರರೊಬ್ಬರು. ವಾರದಲ್ಲಿ ಮೂರು ನಾಲ್ಕು ದಿನ ತಪ್ಪದೆ ಕೋರ್ಟಿಗೆ ಬರುವವರು, ಹೊಟ್ಟೆ ಬಂದಿಲ್ಲ, ಬಿಪಿ-ಶುಗರ್ ಹತ್ತಿರ ಸುಳಿದಿಲ್ಲ. ಎರಡನೇ ಗೇಮ್ ಮುಗಿಯುತ್ತ ಬಂದಿರುತ್ತದೆ. ತಲೆಯ ಮೇಲಿಂದ ಹೋಗುತ್ತಿರುವ ಕಾಕ್‌ಗಾಗಿ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಾಲು ಹಿಂದಕ್ಕೆ ಊರಿ, ತಟ್ಟನೆ ಮುಂದಕ್ಕೆ ಚಿಮ್ಮುತ್ತಾರೆ. ಟಪ್ ಎಂದು ಸದ್ದಾಗುತ್ತದೆ, ಪಕ್ಕದಲ್ಲಿ ಆಡುತ್ತಿದ್ದವರಿಗೂ ಕೇಳಿಸುವಷ್ಟು. ಬಿದ್ದವರು ಮೊದಲು ಹಿಂದಕ್ಕೆ ತಿರುಗಿ ನೋಡುತ್ತಾರೆ. "ಯಾರ್ರೀ ಒದ್ದಿದ್ದು?" ಎಂದು ಕೇಳಿಯೂ ಬಿಡುತ್ತಾರೆ. ಹಿಂದೆ ಯಾರೂ ಇರುವುದಿಲ್ಲ.

ಹರಿದದ್ದು ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ದಪ್ಪ ಹುರಿ. ವೈದ್ಯರು ಅಕಿಲೀಸ್ ಟೆಂಡನ್ ಎಂದು ಕರೆಯುವ ಇದನ್ನು ನಾವು ಹಿಮ್ಮಡಿಹುರಿ ಎನ್ನೋಣ. ಇದು ಹರಿಯುವುದು ಹೆಚ್ಚಾಗಿ ಮೂವತ್ತರಿಂದ ಐವತ್ತರ ನಡುವಿನ ವಯಸ್ಸಿನಲ್ಲಿ. ಹೆಂಗಸರಿಗಿಂತ ಗಂಡಸರಲ್ಲಿ ಹಲವು ಪಟ್ಟು ಹೆಚ್ಚು. ಮೈಯನ್ನು ಇಷ್ಟು ಚೆನ್ನಾಗಿ ನೋಡಿಕೊಂಡವರಿಗೇ ಯಾಕೆ ಹೀಗಾಗಬೇಕು? ಹಿಂದಿನ ದಿನದವರೆಗೂ ಒಂದಿಷ್ಟೂ ನೋಯದಿದ್ದ ಕಾಲು ಒಂದು ಹೆಜ್ಜೆಗೆ ಹೇಗೆ ಸೋಲುತ್ತದೆ? ಈ ವಯಸ್ಸಿನಲ್ಲಿ ಹರಿದದ್ದು ಮತ್ತೆ ಕೂಡುತ್ತದೆಯೇ, ಕೂಡಿದರೂ ಆಟಕ್ಕೆ ಒದಗುತ್ತದೆಯೇ? ಮೂರೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಅದು ಸಿಗಬೇಕಾದರೆ ಹುರಿಯ ಒಳಗೆ ಏನಿದೆ ಎಂದು ನೋಡಬೇಕು.

ನಾರು, ಎಳೆ, ಹುರಿ

ಬಾವಿಯ ಹಗ್ಗ ಹೊಸೆಯುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಕತ್ತಾಳೆಯ ನಾರು ಬಿಡಿಯಾಗಿದ್ದಾಗ ಮಗುವೂ ಕಿತ್ತುಹಾಕಬಲ್ಲದು. ನಾರುಗಳನ್ನು ಸೇರಿಸಿ ತಿರುವಿದರೆ ಎಳೆ, ಎಳೆಗಳನ್ನು ತಿರುವಿದರೆ ಹುರಿ, ಹುರಿಗಳನ್ನು ಹೊಸೆದರೆ ತುಂಬಿದ ಕೊಡಪಾನವನ್ನು ಮೇಲಕ್ಕೆಳೆಯುವ ಹಗ್ಗ. ಹಿಮ್ಮಡಿಹುರಿಯೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದು. ಅದರ ನಾರು ಕೊಲಾಜೆನ್ ಎಂಬ ಪ್ರೋಟೀನು. ಕೊಲಾಜೆನ್ ಅಣುಗಳು ಒಂದರ ಪಕ್ಕ ಒಂದು ಸೇರಿ ಕಣ್ಣಿಗೆ ಕಾಣದ ಎಳೆ, ಆ ಎಳೆಗಳ ಕಟ್ಟು, ಕಟ್ಟುಗಳ ಕಟ್ಟು. ಮೇಲಿಂದ ಕೆಳಗಿಳಿಯುವಾಗ ಇಡೀ ಹುರಿ ಸುಮಾರು ಕಾಲು ಸುತ್ತು ತಿರುಚಿಕೊಂಡೂ ಇರುತ್ತದೆ.

ಮನುಷ್ಯನ ಮೈಯಲ್ಲಿ ಇದಕ್ಕಿಂತ ದಪ್ಪ, ಇದಕ್ಕಿಂತ ಬಲವಾದ ಹುರಿ ಇನ್ನೊಂದಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಇದರ ಮೇಲೆ ಮೈತೂಕದ ಆರೇಳು ಪಟ್ಟು ಎಳೆತ ಬೀಳುತ್ತದೆ. ಎಪ್ಪತ್ತು ಕಿಲೋ ತೂಗುವವರಿಗೆ ಅದು ನಾಲ್ಕೈದು ಕ್ವಿಂಟಲ್. ಹುರಿ ನೂರಕ್ಕೆ ನಾಲ್ಕೈದು ಭಾಗದಷ್ಟು ಹಿಗ್ಗಿ, ಹಿಗ್ಗಿದ್ದನ್ನು ಹೆಜ್ಜೆ ಎತ್ತುವಾಗ ಮರಳಿ ಕೊಡುತ್ತದೆ. ಆ ಚಿಮ್ಮು ಅಲ್ಲಿಂದ ಬಂದದ್ದು. ಹಿಗ್ಗುವಿಕೆ ನೂರಕ್ಕೆ ಎಂಟು ದಾಟಿತೆಂದರೆ ಎಳೆಗಳು ಕಿತ್ತುಕೊಳ್ಳತೊಡಗುತ್ತವೆ. ಮೊಣಕಾಲು ನೆಟ್ಟಗಿದ್ದು, ಹಿಮ್ಮಡಿ ನೆಲದ ಕಡೆ ಕುಸಿಯುತ್ತಿರುವಾಗಲೇ ಮೀನಖಂಡ ಜೋರಾಗಿ ಬಿಗಿದರೆ ಹುರಿಯನ್ನು ಎರಡು ತುದಿಯಿಂದಲೂ ಎಳೆದಂತಾಗುತ್ತದೆ. ಶಟಲ್ ಆಟದ ಆ ಹಿಂದೆಜ್ಜೆಯಲ್ಲಿ ಆಗುವುದು ಅದೇ.

ಆದರೆ ಅದೇ ಹೆಜ್ಜೆಯನ್ನು ಅದೇ ಮನುಷ್ಯ ಅದುವರೆಗೆ ಸಾವಿರಾರು ಸಲ ಇಟ್ಟಿದ್ದಾನಲ್ಲ?

ಅಣುಬಾಂಬು ಬಿಟ್ಟುಹೋದ ಗುರುತು

ಇದಕ್ಕೆ ಸಂಬಂಧಿಸಿದ ಅತ್ಯಂತ ಸೋಜಿಗದ ಸುಳಿವು ಸಿಕ್ಕಿದ್ದು ಕ್ರೀಡೆಗೆ ನಂಟೇ ಇಲ್ಲದ ಕಡೆಯಿಂದ. 1955ರಿಂದ 1963ರವರೆಗೆ ಅಮೆರಿಕ, ಸೋವಿಯತ್ ಒಕ್ಕೂಟ ಮುಂತಾದ ದೇಶಗಳು ಬಯಲಲ್ಲಿ ಒಂದರ ಮೇಲೊಂದು ಅಣುಬಾಂಬು ಸಿಡಿಸಿ ನೋಡಿದವು. ಅದರಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಕಾರ್ಬನ್ನಿನ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1963ರಲ್ಲಿ ಬಯಲು ಸ್ಫೋಟಗಳಿಗೆ ತಡೆ ಹಾಕುವ ಒಪ್ಪಂದವಾದ ಮೇಲೆ ಅದು ವರ್ಷ ವರ್ಷಕ್ಕೂ ಇಳಿಯುತ್ತ ಬಂತು. ಗಾಳಿಯ ಕಾರ್ಬನ್ ಗಿಡಕ್ಕೆ, ಗಿಡದಿಂದ ದನಕ್ಕೆ, ಎರಡರಿಂದಲೂ ನಮ್ಮ ತಟ್ಟೆಗೆ ಬರುತ್ತದೆ. ಹಾಗಾಗಿ ಮೈಯ ಯಾವುದೇ ಭಾಗ ಯಾವ ವರ್ಷ ಕಟ್ಟಿಕೊಂಡಿತೋ ಆ ವರ್ಷದ ಗಾಳಿಯ ಗುರುತು ಅದರಲ್ಲಿ ಉಳಿದುಬಿಡುತ್ತದೆ.

ಡೆನ್ಮಾರ್ಕಿನ ಕಾತ್ಯಾ ಹೈನೆಮಿಯರ್ ಮತ್ತು ಅವರ ಸಂಗಡಿಗರು ಬೇರೆ ಬೇರೆ ವರ್ಷ ಹುಟ್ಟಿ ತೀರಿಕೊಂಡಿದ್ದವರ ಹಿಮ್ಮಡಿಹುರಿಯ ತಿರುಳನ್ನು ತೆಗೆದು ಈ ಗುರುತನ್ನು ಅಳೆದರು. 2013ರಲ್ಲಿ ಪ್ರಕಟವಾದ ಅವರ ಫಲಿತಾಂಶ ಓದಿದಾಗ ನನಗಂತೂ ಮೈ ಜುಮ್ಮೆಂದಿತು. ಅದೇ ಕಾಲಿನ ಮಾಂಸಖಂಡದಲ್ಲಿ ಇತ್ತೀಚಿನ ವರ್ಷಗಳ ಗುರುತಿತ್ತು, ಅಂದರೆ ಸ್ನಾಯು ಬದುಕಿನುದ್ದಕ್ಕೂ ಹಳತನ್ನು ಕಳಚಿ ಹೊಸತನ್ನು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಹುರಿಯ ತಿರುಳಿನಲ್ಲಿದ್ದದ್ದು ಅವರವರ ಮೊದಲ ಹದಿನೇಳು ವರ್ಷಗಳ ಗಾಳಿ. ಅಲ್ಲಿಂದಾಚೆಗೆ ಅದು ಬದಲಾಗಿದ್ದ ಕುರುಹೇ ಇರಲಿಲ್ಲ.

ಇವತ್ತು ನಲವತ್ತೆಂಟು ವರ್ಷದ ಆಟಗಾರ ಯಾವ ಹುರಿಯ ಮೇಲೆ ಚಿಮ್ಮುತ್ತಾನೋ ಅದರ ತಿರುಳು ಅವನು ಪಿಯುಸಿ ಮುಗಿಸುವ ಹೊತ್ತಿಗೆ ಕಟ್ಟಿ ಮುಗಿದಿತ್ತು. ನಡುವಿನ ಮೂವತ್ತು ವರ್ಷ ಬಾವಿಗೆ ಅದೇ ಹಗ್ಗ.

ಸದ್ದಿಲ್ಲದ ಸವೆತ

ಹಗ್ಗ ಹಳೆಯದಾದ ಮಾತ್ರಕ್ಕೆ ಹರಿಯಬೇಕಿಲ್ಲ. ಹೊರಗಿನ ಪದರಗಳು ಕೆಲಸಕ್ಕೆ ತಕ್ಕಂತೆ ಒಂದಿಷ್ಟು ದಪ್ಪವಾಗಬಲ್ಲವು, ನಿಯಮಿತವಾಗಿ ಭಾರ ಬಿದ್ದರೆ ಹುರಿ ಗಡುಸಾಗುತ್ತದೆ. ವಯಸ್ಸಾದವರಲ್ಲೂ ಇದು ಕಂಡಿದೆ. ತೊಂದರೆ ಇರುವುದು ಎಲ್ಲಿ ಎಂದರೆ, ಈ ಬದಲಾವಣೆಗೆ ತಿಂಗಳುಗಟ್ಟಲೆ ಬೇಕು. ಸ್ನಾಯುವಿಗೆ ಅಷ್ಟು ಕಾಲ ಬೇಡ. ಆರು ತಿಂಗಳು ಆಟ ಬಿಟ್ಟು ಮತ್ತೆ ಶುರು ಮಾಡಿದರೆ ಒಂದು ತಿಂಗಳಲ್ಲಿ ಉಸಿರು ಹಿಡಿತಕ್ಕೆ ಬರುತ್ತದೆ, ಎರಡು ತಿಂಗಳಲ್ಲಿ ತೊಡೆ-ಮೀನಖಂಡಗಳು ಬಿಗಿಯಾಗುತ್ತವೆ, ಸ್ಮ್ಯಾಶ್ ಮೊದಲಿನಂತೆ ಬೀಳುತ್ತದೆ. ಹುರಿ ಇನ್ನೂ ಹಿಂದೆಯೇ ಇರುತ್ತದೆ. ಎಳೆಯುವವನ ತೋಳು ಬಲಿತಿದೆ, ಹಗ್ಗ ಮಾತ್ರ ಬಲಿತಿಲ್ಲ. ಮೈಯನ್ನು ಚೆನ್ನಾಗಿಟ್ಟುಕೊಂಡವರಿಗೇ ಯಾಕೆ ಹೀಗಾಗುತ್ತದೆ ಎಂಬುದರ ಗುಟ್ಟು ಈ ಅಂತರದಲ್ಲಿದೆ.

ಹಿಮ್ಮಡಿ ಮೂಳೆಯಿಂದ ಎರಡರಿಂದ ಆರು ಸೆಂಟಿಮೀಟರ್ ಮೇಲೆ, ಹುರಿ ಸಣ್ಣಗಾಗುವ ಜಾಗದಲ್ಲಿ ರಕ್ತದ ಓಡಾಟ ಕಡಿಮೆ. ಹುರಿ ಹೆಚ್ಚಾಗಿ ಹರಿಯುವುದು ಅಲ್ಲೇ. ಅಲ್ಲಿ ಎಳೆಗಳು ಒಂದೊಂದಾಗಿ ಕಿತ್ತುಕೊಂಡು, ಸಾಲು ತಪ್ಪಿ, ನಡುವೆ ನೀರು ತುಂಬಿಕೊಳ್ಳುತ್ತ ಹೋದರೂ ಅನೇಕರಿಗೆ ನೋವು ಕಾಣಿಸುವುದಿಲ್ಲ. ಪೆಕ್ಕಾ ಕನ್ನುಸ್ ಮತ್ತು ಲಾಸ್ಲೋ ಯೋಜಾ ಎಂಬಿಬ್ಬರು ಹರಿದುಹೋದ 891 ಹುರಿಗಳನ್ನು ಸೂಕ್ಷ್ಮದರ್ಶಕದಡಿ ನೋಡಿ 1991ರಲ್ಲಿ ವರದಿ ಬರೆದರು. ಅವುಗಳಲ್ಲಿ ನೂರಕ್ಕೆ 97ರಲ್ಲಿ ಮೊದಲೇ ಸವೆತದ ಗುರುತುಗಳಿದ್ದವು. ಸ್ವೀಡನ್ನಿನಲ್ಲಿ ಆಡುವಾಗಲೇ ಹಿಮ್ಮಡಿಹುರಿ ಹರಿದುಕೊಂಡ 31 ಬ್ಯಾಡ್ಮಿಂಟನ್ ಆಟಗಾರರನ್ನು ವಿಚಾರಿಸಿದಾಗ, ಮೊದಲೇ ಆ ಜಾಗದಲ್ಲಿ ಏನಾದರೂ ತೊಂದರೆ ಕಂಡಿದ್ದವರು ಐದೇ ಮಂದಿ. ಬಹುತೇಕರಿಗೆ ಹರಿದದ್ದು ಆಟದ ನಡುವೆ ಅಥವಾ ಕೊನೆಗೆ, ಕಾಲು ದಣಿದ ಮೇಲೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳು ಹುರಿಯನ್ನು ದುರ್ಬಲಗೊಳಿಸಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇವುಗಳ ಪೊಟ್ಟಣದ ಮೇಲೆ ಎದ್ದು ಕಾಣುವ ಎಚ್ಚರಿಕೆ ಇರಬೇಕೆಂದು ಕಡ್ಡಾಯ ಮಾಡಿತು. ನಮ್ಮಲ್ಲಿ ಹೊಟ್ಟೆ ಕೆಟ್ಟರೆ ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಿಂದಲೇ ತಂದು ನುಂಗುವ ಮಾತ್ರೆಗಳಲ್ಲಿ ಇವೂ ಸೇರಿವೆ. ನುಂಗಿ ಎರಡು ದಿನಕ್ಕೆ ಕೋರ್ಟಿಗಿಳಿಯುವುದು ಬೇಡ. ನೋಯುವ ಹಿಮ್ಮಡಿಹುರಿಗೆ ಸ್ಟಿರಾಯ್ಡ್ ಚುಚ್ಚಿಸಿಕೊಂಡು ಟೂರ್ನಿ ಆಡುವುದೂ ಬೇಡ.

ಉಳುಕು ಅಂದುಕೊಂಡರೆ

2013ರ ಏಪ್ರಿಲ್‌ನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್‌ಗೆ ಪಂದ್ಯದ ನಡುವೆ ಹಿಮ್ಮಡಿಹುರಿ ಹರಿಯಿತು. ಆಗ ಅವರಿಗೆ 34 ವರ್ಷ. ಹರಿದ ಮೇಲೂ ಅವರು ಗೆರೆಯ ಬಳಿ ಹೋಗಿ ನಿಂತು ಎರಡು ಫ್ರೀ ಥ್ರೋ ಎಸೆದು, ಎರಡನ್ನೂ ಬುಟ್ಟಿಗೆ ಹಾಕಿ, ನಡೆದುಕೊಂಡೇ ಆಚೆ ಹೋದರು. ಅವರ ಕೆಚ್ಚು ದೊಡ್ಡದೇ. ಆದರೆ ಹುರಿ ಪೂರ್ತಿ ಹರಿದರೂ ಮನುಷ್ಯ ನಿಲ್ಲಬಲ್ಲ, ಕುಂಟಿಕೊಂಡು ನಡೆಯಬಲ್ಲ ಎಂಬುದನ್ನು ಗಮನಿಸಿ. ಪಾದವನ್ನು ಕೆಳಕ್ಕೆ ಬಾಗಿಸುವ ಸಣ್ಣಪುಟ್ಟ ಸ್ನಾಯುಗಳು ಇನ್ನೂ ಕೆಲವಿವೆ. ಟಪ್ ಎಂದ ಮೇಲೆ ನೋವೂ ಅಷ್ಟೇನೂ ಇರದಿರಬಹುದು.

ಅದಕ್ಕೇ ಇದನ್ನು ಉಳುಕು ಅಂದುಕೊಂಡು ಎಣ್ಣೆ ಹಚ್ಚಿ ನೀವಿಸಿಕೊಳ್ಳುವವರು, ಪುತ್ತೂರು ಕಟ್ಟು ಹಾಕಿಸಿಕೊಂಡು ಮಲಗುವವರು ಇದ್ದಾರೆ. ಮೂರು ನಾಲ್ಕು ವಾರ ಕಳೆದು, ಮೆಟ್ಟಿಲು ಹತ್ತಲಾಗದೆ ಮೂಳೆ ಡಾಕ್ಟರ ಬಳಿ ಬರುವ ಹೊತ್ತಿಗೆ ಹುರಿಯ ಎರಡು ತುದಿಗಳು ದೂರ ಸರಿದಿರುತ್ತವೆ, ನಡುವೆ ಸಡಿಲ ಕಲೆ ಬೆಳೆದಿರುತ್ತದೆ. ಮೊದಲ ವಾರದಲ್ಲಿ ಸುಲಭವಿದ್ದ ಚಿಕಿತ್ಸೆ ಆಗ ಕಷ್ಟದ್ದಾಗುತ್ತದೆ.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಬೋರಲು ಮಲಗಿ ಪಾದವನ್ನು ಮಂಚದ ಅಂಚಿನಿಂದ ಆಚೆ ಬಿಡಬೇಕು. ಇನ್ನೊಬ್ಬರು ಮೀನಖಂಡವನ್ನು ಅಂಗೈಯಲ್ಲಿ ಹಿಡಿದು ಒತ್ತಬೇಕು. ಹುರಿ ಸರಿಯಿದ್ದರೆ ಒತ್ತಿದಾಗೆಲ್ಲ ಪಾದ ತಾನಾಗಿ ಕೆಳಕ್ಕೆ ಬಾಗುತ್ತದೆ. ಹರಿದಿದ್ದರೆ ಪಾದ ಅಲ್ಲಾಡುವುದಿಲ್ಲ. ಒಳ್ಳೆಯ ಕಾಲನ್ನೂ ಒತ್ತಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಹಿಮ್ಮಡಿಯ ಮೇಲೆ ಬೆರಳಾಡಿಸಿದರೆ ಹುರಿ ಇರಬೇಕಾದಲ್ಲಿ ಒಂದು ಗುಂಡಿ ಸಿಗುವುದೂ ಉಂಟು. ಡಾಕ್ಟರು ಮಾಡುವುದೂ ಇದನ್ನೇ. ಬೇಕೆನಿಸಿದರೆ ಸ್ಕ್ಯಾನ್ ಮಾಡಿಸುತ್ತಾರೆ. ಆಟದ ಬಳಗದಲ್ಲಿ ಒಬ್ಬಿಬ್ಬರಾದರೂ ಇದನ್ನು ಕಲಿತಿರಬೇಕು ಎಂಬುದು ನನ್ನ ಆಸೆ.

ಹೊಲಿಗೆಯೋ, ಬೂಟೋ

ಹರಿದ ಹುರಿಯನ್ನು ಕೊಯ್ದು ಹೊಲಿಯಲೇಬೇಕು ಎಂಬುದು ಬಹುಕಾಲದ ನಂಬಿಕೆ. ನಾರ್ವೆಯಲ್ಲಿ 526 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ದೊಡ್ಡ ಗಾಯದ ಹೊಲಿಗೆ, ಇನ್ನೊಂದಕ್ಕೆ ಸಣ್ಣ ತೂತಿನ ಹೊಲಿಗೆ, ಮೂರನೆಯದಕ್ಕೆ ಹೊಲಿಗೆಯೇ ಇಲ್ಲದೆ ಪಟ್ಟಿ-ಬೂಟುಗಳ ಆರೈಕೆ ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಒಂದು ವರ್ಷದ ಕೊನೆಗೆ ನಡಿಗೆ, ಓಟ, ಮೆಟ್ಟಿಲು ಇವುಗಳಲ್ಲಿ ಮೂರು ಗುಂಪಿನವರೂ ಸರಿಸುಮಾರು ಒಂದೇ. ಹೊಲಿಸಿಕೊಳ್ಳದವರಲ್ಲಿ ನೂರಕ್ಕೆ ಆರು ಮಂದಿಗೆ ಹುರಿ ಮತ್ತೆ ಹರಿಯಿತು. ಹೊಲಿಸಿಕೊಂಡವರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ. ಹೊಲಿಸಿಕೊಂಡವರಲ್ಲಿ ನರಕ್ಕೆ ಪೆಟ್ಟು ಬಿದ್ದು ಪಾದದ ಬದಿ ಜೋಮು ಹಿಡಿದದ್ದು ಹೆಚ್ಚು.

ಯಾವುದು ಸರಿ ಎಂಬುದನ್ನು ನಿಮ್ಮ ಕಾಲು ನೋಡಿದ ಡಾಕ್ಟರೊಡನೆ ಕೂತು ತೀರ್ಮಾನಿಸಬೇಕು. ಸಕ್ಕರೆ ಕಾಯಿಲೆ ಇದೆಯೇ, ಬೀಡಿ-ಸಿಗರೇಟು ಇದೆಯೇ, ಪೆಟ್ಟಾಗಿ ಎಷ್ಟು ದಿನವಾಯಿತು, ಮತ್ತೆ ಚಿಮ್ಮಿ ಆಡುವ ಹಂಬಲ ಎಷ್ಟಿದೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನನಗೆ ಈ ಅಧ್ಯಯನ ಮುಖ್ಯವೆನಿಸಿದ್ದು ಇನ್ನೊಂದು ಕಾರಣಕ್ಕೆ. ಹೊಲಿಗೆ ಹಾಕದಿದ್ದರೂ ಹುರಿ ಕೂಡುತ್ತದೆ ಎಂದಾದರೆ ಅದನ್ನು ಕೂಡಿಸುವ ಕೆಲಸಗಾರರು ಕಾಲಿನ ಒಳಗೇ ಇದ್ದಾರೆ ಎಂದಾಯಿತು.

ಎಳೆತ ಎಂಬ ಅಪ್ಪಣೆ

ಹುರಿಯ ಎಳೆಗಳ ನಡುವೆ ತೆಳ್ಳಗೆ, ಉದ್ದಕ್ಕೆ ಮೈಚಾಚಿಕೊಂಡ ಕೋಶಗಳಿವೆ. ಹುರಿಕೋಶಗಳು ಎಂದು ಕರೆಯೋಣ. ಕತ್ತಾಳೆ ಹಗ್ಗಕ್ಕೂ ನಮ್ಮ ಹುರಿಗೂ ಇರುವ ವ್ಯತ್ಯಾಸ ಇವೇ. ಹಗ್ಗ ಹೊಸೆದವನು ಹಗ್ಗವನ್ನು ಮಾರಿ ಮನೆಗೆ ಹೋಗುತ್ತಾನೆ. ನಮ್ಮ ಹುರಿಯಲ್ಲಿ ಹೊಸೆಯುವವರು ಒಳಗೇ ಉಳಿದಿರುತ್ತಾರೆ. ಹದಿನೇಳರ ನಂತರ ತಿರುಳಿನಲ್ಲಿ ಅವರಿಗೆ ಹೆಚ್ಚು ಕೆಲಸವಿರಲಿಲ್ಲ, ಅಷ್ಟೆ.

ಹರಿದಾಗ ಏನಾಗುತ್ತದೆ ನೋಡಿ. ಮೊದಲು ರಕ್ತ ತುಂಬಿ ಹೆಪ್ಪುಗಟ್ಟುತ್ತದೆ, ಊದಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಸುತ್ತಮುತ್ತಲಿನ ಕೋಶಗಳು ಅಲ್ಲಿಗೆ ನುಗ್ಗಿ ಕೊಲಾಜೆನ್ ಸುರಿಯತೊಡಗುತ್ತವೆ. ಮೊದಲು ಬರುವುದು ತೆಳುವಾದ, ಅಷ್ಟೇನೂ ಬಲವಿಲ್ಲದ ಬಗೆಯ ಕೊಲಾಜೆನ್, ಅದೂ ದಿಕ್ಕುದೆಸೆಯಿಲ್ಲದೆ. ಬಡಿದು ರಾಶಿ ಹಾಕಿದ ನಾರು ಎಂದರೆ ಸರಿ. ತಿಂಗಳುಗಳು ಕಳೆದಂತೆ ಅದು ಗಟ್ಟಿ ಬಗೆಯ ಕೊಲಾಜೆನ್ನಿಗೆ ದಾರಿ ಬಿಟ್ಟು, ಎಳೆಗಳು ಹುರಿಯ ಉದ್ದಕ್ಕೆ ಸಾಲುಗೂಡಬೇಕು. ಈ ಕೆಲಸ ವರ್ಷ ದಾಟಿಯೂ ನಡೆಯುತ್ತದೆ.

ಯಾವ ದಿಕ್ಕಿಗೆ ಸಾಲುಗೂಡಬೇಕೆಂದು ಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಎಳೆತದಿಂದ. ಹುರಿಕೋಶದ ಹೊರಮೈ ಸುತ್ತಲಿನ ಎಳೆಗಳನ್ನು ಹಿಡಿದುಕೊಂಡಿರುತ್ತದೆ. ಎಳೆ ಜಗ್ಗಿದರೆ ಕೋಶದ ಮೈ ಜಗ್ಗುತ್ತದೆ, ಆ ಜಗ್ಗು ಒಳಗಿನ ತಂತುಗಳ ಮೂಲಕ ಕೋಶದ ನಡುವಿನವರೆಗೂ ಮುಟ್ಟಿ, ಕೊಲಾಜೆನ್ ಮಾಡುವ ಜೀನುಗಳನ್ನು ಎಬ್ಬಿಸುತ್ತದೆ. ಎಳೆತ ಬಂದ ದಿಕ್ಕಿಗೆ ಹೊಸ ನಾರು ಬೀಳುತ್ತದೆ. ಎಳೆತವೇ ಬಾರದಿದ್ದರೆ ಅಪ್ಪಣೆಯೇ ಬಂದಂತಾಗಲಿಲ್ಲ. ನಾರಿನ ರಾಶಿ ರಾಶಿಯಾಗಿಯೇ ಉಳಿಯುತ್ತದೆ.

ಸ್ವೀಡನ್ನಿನ ಪೆರ್ ಆಸ್ಪೆನ್‌ಬೆರಿ ಅವರ ಪ್ರಯೋಗಶಾಲೆಯಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಹುರಿ ಕತ್ತರಿಸಿದ ಇಲಿಗಳ ಮೀನಖಂಡಕ್ಕೆ ಬೊಟಾಕ್ಸ್ ಚುಚ್ಚಿದರೆ ಸ್ನಾಯು ಸೆಳೆಯುವುದಿಲ್ಲ, ಹುರಿಗೆ ಎಳೆತ ಬೀಳುವುದಿಲ್ಲ. ಅಂಥ ಇಲಿಗಳಲ್ಲಿ ಕೂಡಿದ ಹುರಿ ತೀರ ಬಡಕಲಾಗಿತ್ತು. ಇನ್ನೊಂದು ಪ್ರಯೋಗದಲ್ಲಿ ದಿನವಿಡೀ ಕಾಲಿಗೆ ಭಾರ ಬೀಳದಂತೆ ಇಟ್ಟಿದ್ದ ಇಲಿಗಳನ್ನು ದಿನಕ್ಕೆ ಹದಿನೈದು ನಿಮಿಷ ಮಾತ್ರ ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಅಷ್ಟಕ್ಕೇ ಹುರಿ ಎದ್ದು ಕಾಣುವಷ್ಟು ಬಲಗೊಂಡಿತು. ಅಪ್ಪಣೆ ದಿನವಿಡೀ ಬೇಕಿಲ್ಲ, ಆಗಾಗ ಬಂದರೆ ಸಾಕು.

ಹಿಂದಿನ ಕಾಲದಲ್ಲಿ ಎರಡು ಮೂರು ತಿಂಗಳು ಕಾಲನ್ನು ಪ್ಲಾಸ್ಟರಿನಲ್ಲಿ ಬಂಧಿಸಿಡುತ್ತಿದ್ದರು. ಈಗ ಅನೇಕ ಕಡೆ ಮೊದಲೆರಡು ವಾರ ಕಳೆಯುತ್ತಲೇ ಹಿಮ್ಮಡಿಯ ಕೆಳಗೆ ಎತ್ತರದ ಮೆತ್ತೆಗಳಿರುವ ಬೂಟು ಹಾಕಿಸಿ, ಊರುಗೋಲು ಹಿಡಿಸಿ, ಮೆಲ್ಲಗೆ ಭಾರ ಹಾಕಿಸುತ್ತಾರೆ. ಯಾಕೆಂದು ಈಗ ತಿಳಿಯಿತಲ್ಲ. ಫಿಸಿಯೋಥೆರಪಿಯವರು ಹೇಳಿಕೊಡುವ ಪ್ರತಿ ಒತ್ತು, ಪ್ರತಿ ಎತ್ತು ಒಳಗಿರುವ ಹೊಸೆಯುವವರಿಗೆ ಕಳಿಸಿದ ಅಪ್ಪಣೆ. ನಲವತ್ತೆಂಟರ ಕಾಲಿನಲ್ಲಿ, ಮೂವತ್ತು ವರ್ಷಗಳಿಂದ ಹೊಸತೇ ಬಾರದಿದ್ದ ಜಾಗದಲ್ಲಿ, ಇದೀಗ ಹೊಸ ಹುರಿ ಬರುತ್ತಿದೆ. ಹಳೆಯದರಷ್ಟು ಅಚ್ಚುಕಟ್ಟಾಗಿ ಅದು ಎಂದೂ ಆಗಲಾರದು. ಎಷ್ಟರಮಟ್ಟಿಗೆ ಆದೀತು ಎಂಬುದು ಬಹುಪಾಲು ಆ ಅಪ್ಪಣೆಗಳ ಮೇಲೆ ನಿಂತಿದೆ.

ಉದ್ದವಾದರೆ ಕೆಟ್ಟಿತು

ಎಳೆತ ಬೇಕು, ಆದರೆ ಮೊದಲ ತಿಂಗಳುಗಳಲ್ಲಿ ಹಿಗ್ಗು ಬೇಡ. ಹಸಿ ಹುರಿಯನ್ನು ಹೆಚ್ಚು ಜಗ್ಗಿದರೆ ಅದು ಹರಿಯದೇ ಇರಬಹುದು, ಉದ್ದವಾಗಿ ಕೂಡುತ್ತದೆ. ಒಂದೆರಡು ಸೆಂಟಿಮೀಟರ್ ಉದ್ದವಾದರೂ ಮೀನಖಂಡದ ಸೆಳೆತವೆಲ್ಲ ಸಡಿಲ ಎಳೆದುಕೊಳ್ಳುವುದರಲ್ಲೇ ಮುಗಿದು, ಹಿಮ್ಮಡಿಯನ್ನು ಪೂರ್ತಿ ಎತ್ತಲಾಗುವುದಿಲ್ಲ. ಆಮೇಲೆ ಯಾವ ವ್ಯಾಯಾಮವೂ ಅದನ್ನು ಗಿಡ್ಡ ಮಾಡಲಾರದು.

ನಮ್ಮ ಮನೆಗಳಲ್ಲಿ ಇದರ ಅಪಾಯ ಹೆಚ್ಚು. ಕುಕ್ಕರಗಾಲಲ್ಲಿ ಕೂರುವ ಶೌಚಾಲಯದಲ್ಲಿ ಹಿಮ್ಮಡಿ ನೆಲಕ್ಕೂರಿ ಮೊಣಕಾಲು ಮುಂದೆ ಬಂದಾಗ ಹುರಿ ಪೂರ್ತಿ ಹಿಗ್ಗುತ್ತದೆ. ಬಚ್ಚಲಿನ ಮಣೆ, ಪೂಜೆಗೆ ಬಗ್ಗುವುದು, ಬಸ್ಸಿನ ಮೆಟ್ಟಿಲಿಗೆ ಮುಂಗಾಲಷ್ಟೇ ಇಟ್ಟು ಹತ್ತುವುದು, ಬರಿಗಾಲಲ್ಲಿ ರಾತ್ರಿ ಎದ್ದು ನಾಲ್ಕು ಹೆಜ್ಜೆ ಇಡುವುದು, ಎಲ್ಲವೂ ಅಂಥವೇ. ಬೂಟು ಹಾಕಿಕೊಂಡು ಎಚ್ಚರದಿಂದ ಇದ್ದವರಿಗೂ ಬೂಟು ಬಿಚ್ಚಿದ ಆ ಐದು ನಿಮಿಷದಲ್ಲಿ ಕಾಲು ಜಾರುತ್ತದೆ. ಕಮೋಡು ಇಲ್ಲದಿದ್ದರೆ ನಡುವೆ ತೂತಿರುವ ಕುರ್ಚಿ ತರಿಸಿಕೊಳ್ಳಿ, ಬಚ್ಚಲಿಗೆ ಎತ್ತರದ ಸ್ಟೂಲು ಹಾಕಿಕೊಳ್ಳಿ. ಕಾಲು ಬಿಗಿಯಾಗಿದೆ, ಸಡಿಲಿಸಿಕೊಳ್ಳುತ್ತೇನೆ ಎಂದು ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸುವ ಕಸರತ್ತನ್ನು ಫಿಸಿಯೋ ಹೇಳುವ ತನಕ ಮಾಡಬೇಡಿ. ಆ ಬಿಗಿ ಈಗ ನಿಮ್ಮ ಆಸ್ತಿ.

ಇನ್ನೊಂದು ಅಪಾಯ ಕಡಿಮೆ ಕಾಣಿಸಿಕೊಂಡರೂ ಜೀವಕ್ಕೆ ಸಂಬಂಧಿಸಿದ್ದು. ಅಲ್ಲಾಡದ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮೀನಖಂಡ ಹೊಸದಾಗಿ ಊದಿ ನೋಯತೊಡಗಿದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆಟವಿಲ್ಲದ ಬೆಳಗು

ಕಾಲಿನ ಬಗ್ಗೆ ಇಷ್ಟೆಲ್ಲ ಹೇಳುವ ಪುಸ್ತಕಗಳು ಮನುಷ್ಯನ ಬಗ್ಗೆ ಎರಡು ಸಾಲು ಬರೆದು ಮುಗಿಸುತ್ತವೆ. ಆರು ಗಂಟೆಗೆ ಎಚ್ಚರವಾಗುತ್ತದೆ, ಹೋಗಲು ಜಾಗವಿಲ್ಲ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಇವತ್ತು ಯಾರು ಯಾರ ಜೋಡಿ ಎಂಬ ಚರ್ಚೆ ನಡೆಯುತ್ತಿರುತ್ತದೆ. ಮನೆಯವರು ಪ್ರೀತಿಯಿಂದಲೇ "ಸಾಕು ಇನ್ನು, ವಯಸ್ಸಾಯ್ತಲ್ಲ" ಅನ್ನುತ್ತಾರೆ. ಆ ಮಾತು ನೋವಿಗಿಂತ ಹೆಚ್ಚು ನೋಯಿಸುತ್ತದೆ. ವ್ಯಾಯಾಮ ಒಗ್ಗಿದ ಮೈಗೆ ಅದು ಏಕಾಏಕಿ ನಿಂತಾಗ ನಿದ್ದೆ ಕೆಡುವುದು, ಸಿಡುಕು, ಮಂಕು ಎಲ್ಲ ಸಹಜ. ಅದನ್ನು ಮನಸ್ಸಿನ ದೌರ್ಬಲ್ಯ ಎಂದು ಬಚ್ಚಿಡುವುದು ಬೇಡ. ವಾರಗಟ್ಟಲೆ ಬಿಡದಿದ್ದರೆ ಅದಕ್ಕೂ ಡಾಕ್ಟರು ಇದ್ದಾರೆ.

ಮೈಗೆ ಕೆಲಸ ಕೊಡುವುದೇ ಇಲ್ಲಿ ಅರ್ಧ ಮದ್ದು, ಅದಕ್ಕೆ ಗಟ್ಟಿ ಕಾರಣವೂ ಇದೆ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಆರೋಗ್ಯವಂತ ತರುಣರ ಒಂದು ಕಾಲಿಗೆ ಪಟ್ಟಿ ಹಾಕಿ ಕೂರಿಸಿದಾಗ ಐದೇ ದಿನದಲ್ಲಿ ತೊಡೆಯ ಬಲ ನೂರಕ್ಕೆ 9ರಷ್ಟು, ಎರಡು ವಾರದಲ್ಲಿ 23ರಷ್ಟು ಇಳಿದಿತ್ತು. ನಡುವಯಸ್ಸಿನಲ್ಲಿ ಕರಗಿದ್ದು ಮರಳುವುದು ಇನ್ನೂ ನಿಧಾನ. ಕರಗುವುದನ್ನು ತಡೆಯುವ ಒಂದು ಉಪಾಯ 1894ರಷ್ಟು ಹಳೆಯದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ ಮತ್ತು ಸಂಗಡಿಗರು ಒಂದೇ ಕೈಯಿಂದ ರಬ್ಬರ್ ಬುರುಡೆ ಹಿಂಡುವ ಅಭ್ಯಾಸ ಮಾಡಿಸಿದಾಗ, ಏನೂ ಮಾಡದೆ ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಏರಿತು. ಅಭ್ಯಾಸ ಕೂರುವುದು ಸ್ನಾಯುವಿನಲ್ಲಿ ಮಾತ್ರವಲ್ಲ, ಮಿದುಳು-ನರಗಳಲ್ಲೂ. ಅವು ಎರಡು ಬದಿಗೂ ಸೇರಿದವು. ಕಟ್ಟಿನಲ್ಲಿರುವ ಕೈಕಾಲುಗಳ ಮೇಲೂ ಇದನ್ನು ಪರೀಕ್ಷಿಸಿದ್ದಾರೆ. ಒಳ್ಳೆಯ ಕಾಲಿನ ಹಿಮ್ಮಡಿ ಎತ್ತುವುದು, ಕುರ್ಚಿಯಲ್ಲಿ ಕೂತು ಎರಡೂ ತೊಡೆಗಳಿಗೆ, ತೋಳುಗಳಿಗೆ ಭಾರ ಕೊಡುವುದು, ಇಷ್ಟನ್ನು ಮೊದಲ ವಾರದಿಂದಲೇ ಕೇಳಿಕೊಂಡು ಶುರು ಮಾಡಬಹುದು.

ಊಟದ ವಿಚಾರ ಚಿಕ್ಕದು. ವಯಸ್ಸು ಹೆಚ್ಚಿದಂತೆ ಸ್ನಾಯು ಕಟ್ಟಲು ಒಂದೊಂದು ಊಟಕ್ಕೂ ಹೆಚ್ಚು ಪ್ರೋಟೀನು ಬೇಕಾಗುತ್ತದೆ. ಎಪ್ಪತ್ತು ಕಿಲೋ ಮೈತೂಕಕ್ಕೆ ಹೊತ್ತಿಗೆ ಇಪ್ಪತ್ತೈದು ಗ್ರಾಂ ದಾಟಿದರೆ ಒಳ್ಳೆಯದು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಏಳು ಗ್ರಾಂ. ಮುದ್ದೆ ಇರಲಿ, ಅದರ ಜೊತೆ ತಿಳಿಸಾರಿನ ಬದಲು ಗಟ್ಟಿ ಕಾಳಿನ ಸಾರು, ಮೊಟ್ಟೆ, ಮೀನು ಅಥವಾ ಮೊಸರು ಇರಲಿ.

ಮರಳಿ ಕೋರ್ಟಿಗೆ

ಹಿಮ್ಮಡಿಹುರಿ ಹರಿದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಮತ್ತೆ ಆಟಕ್ಕೆ ಮರಳುತ್ತಾರೆ ಎಂದು ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದವರು ಹೇಳುತ್ತಾರೆ. ಮರಳದವರೆಲ್ಲರ ಕಾಲೂ ಸರಿಹೋಗಿಲ್ಲ ಎಂದೇನಿಲ್ಲ. ಹಿಂದಕ್ಕೆ ಹೆಜ್ಜೆ ಇಟ್ಟ ತಕ್ಷಣ ಆ ಟಪ್ ಸದ್ದು ನೆನಪಾಗಿ ಮೈ ಬಿಗಿದುಕೊಳ್ಳುತ್ತದೆ. ಈ ಅಂಜಿಕೆಯನ್ನು ಧೈರ್ಯದ ಮಾತುಗಳಿಂದ ಹೋಗಲಾಡಿಸುವುದಕ್ಕಿಂತ ಅಳತೆಯಿಂದ ಕರಗಿಸುವುದು ಮೇಲು ಎಂಬುದು ನನ್ನ ಎಣಿಕೆ.

ಅಳತೆ ಸರಳ. ಗೋಡೆಗೆ ಬೆರಳು ತಾಕಿಸಿಕೊಂಡು, ಹರಿದಿದ್ದ ಕಾಲೊಂದರ ಮೇಲೆ ನಿಂತು, ಮೊಣಕಾಲು ಮಡಿಸದೆ ಹಿಮ್ಮಡಿ ಎತ್ತಿ ಇಳಿಸಿ. ಎಷ್ಟು ಸಲ, ಎಷ್ಟು ಎತ್ತರ? ಗೋಡೆಯ ಮೇಲೆ ಪೆನ್ಸಿಲಿನಿಂದ ಗೀರು ಹಾಕಿ, ಇನ್ನೊಂದು ಕಾಲಿನ ಗೀರಿನ ಜೊತೆ ಹೋಲಿಸಿ. ಮೂರನೆಯ ತಿಂಗಳಿನಲ್ಲಿ ಒಂದು ಸಲವೂ ಏಳಲಾಗದೆ ಕಣ್ಣಲ್ಲಿ ನೀರು ತಂದುಕೊಂಡವರನ್ನು ನಾನು ನೋಡಿದ್ದೇನೆ. ಅದೇ ಜನ ಒಂಬತ್ತನೆಯ ತಿಂಗಳಿಗೆ ಹದಿನೈದು ಇಪ್ಪತ್ತು ಸಲ ಎತ್ತುತ್ತಾರೆ. ಎರಡೂ ಕಾಲುಗಳ ಗೀರು ಹತ್ತಿರ ಬರುವ ತನಕ ಚಿಮ್ಮುವ ಆಟ ಬೇಡ. ನಡಿಗೆ, ಸೈಕಲ್, ಈಜು, ಆಮೇಲೆ ನೇರ ಓಟ, ಆಮೇಲೆ ಒಬ್ಬರೇ ಕೋರ್ಟಿನಲ್ಲಿ ಕಾಕ್ ಇಲ್ಲದೆ ಹೆಜ್ಜೆ, ಕೊನೆಗೆ ಎದುರಾಳಿ. ಪ್ರತಿ ಮೆಟ್ಟಿಲಿನಲ್ಲೂ ತೀರ್ಪು ಕೊಡುವುದು ಮರುದಿನದ ಬೆಳಗು: ಹಾಸಿಗೆಯಿಂದ ಇಳಿದು ಇಡುವ ಮೊದಲ ಹತ್ತು ಹೆಜ್ಜೆಯಲ್ಲಿ ಹುರಿ ಹಿಂದಿನ ದಿನಕ್ಕಿಂತ ಬಿಗಿದು ನೋಯುತ್ತಿದ್ದರೆ ನಿನ್ನೆಯದು ಹೆಚ್ಚಾಯಿತು, ಒಂದು ಮೆಟ್ಟಿಲು ಇಳಿಯಬೇಕು.

ಒಂದು ಕಾಲಿನ ಹುರಿ ಹರಿದವರಿಗೆ ಇನ್ನೊಂದು ಕಾಲಿನದೂ ಹರಿಯುವ ಸಂಭವ ಉಳಿದವರಿಗಿಂತ ಹೆಚ್ಚು. ಅದರ ತಿರುಳೂ ಅದೇ ಹದಿನೇಳು ವರ್ಷಗಳದು, ಅದೇ ಆಟಗಳನ್ನು ಆಡಿದ್ದು. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ 1998ರಲ್ಲಿ, ಸವೆದು ನೋಯುತ್ತಿದ್ದ ಹಿಮ್ಮಡಿಹುರಿಯ 15 ಮಂದಿ ಹವ್ಯಾಸಿ ಓಟಗಾರರಿಗೆ ಒಂದು ಕಸರತ್ತು ಕೊಟ್ಟರು. ಅವರ ಸರಾಸರಿ ವಯಸ್ಸು 44. ಮೆಟ್ಟಿಲಿನ ಅಂಚಿನ ಮೇಲೆ ಮುಂಗಾಲಲ್ಲಿ ನಿಂತು, ಹಿಮ್ಮಡಿಯನ್ನು ನಿಧಾನವಾಗಿ ಅಂಚಿಗಿಂತ ಕೆಳಕ್ಕೆ ಇಳಿಸುವುದು, ಮೇಲೇರಲು ಇನ್ನೊಂದು ಕಾಲನ್ನು ಬಳಸುವುದು. ದಿನಕ್ಕೆ 180 ಸಲ, ಹನ್ನೆರಡು ವಾರ. ಹದಿನೈದೂ ಜನ ಮತ್ತೆ ಓಡಿದರು. ಹರಿದು ಹೊಸದಾಗಿ ಕೂಡಿದ ಕಾಲಿಗೆ ಅಂಚಿನಿಂದ ಕೆಳಕ್ಕೆ ಇಳಿಸುವ ಈ ಬಗೆಯನ್ನು ಫಿಸಿಯೋ ಹೇಳಿದ ಮೇಲಷ್ಟೇ ಮಾಡಬೇಕು, ಅಲ್ಲಿಯವರೆಗೆ ಸಮನೆಲದ ಮೇಲೆ ಸಾಕು. ಹರಿಯದ ಕಾಲಿಗೆ ಕಾಯುವುದು ಬೇಕಿಲ್ಲ. ಆಟ ಮತ್ತೆ ಶುರುವಾದ ಮೇಲೂ ವಾರಕ್ಕೆ ಮೂರು ದಿನ, ಎರಡೂ ಕಾಲಿಗೆ, ಬೆನ್ನಿಗೆ ಒಂದಿಷ್ಟು ಪುಸ್ತಕ ತುಂಬಿದ ಚೀಲ ಹಾಕಿಕೊಂಡು, ನಿಧಾನವಾಗಿ ಏರಿ ನಿಧಾನವಾಗಿ ಇಳಿಯಿರಿ.